ಎಲೆ ಟೀಗೆ 25 ಗ್ರಾಮಿನ ಪ್ಯಾಕೆಟ್ ಬೇಕು

ಸಂಪಾದಕರಿಗೆ,

ಮಾನ್ಯರೇ,

ಪುಡಿ ಬಿಟ್ಟು ಒಮ್ಮೆ ಎಲೆ ಟೀ ಕುಡಿದು ನೋಡೋಣ ಅಂತ ಅಂಗಡಿಗೆ ಹೋದವರ ಕೈಗೆ ಸಿಗುವುದು ಹೆಚ್ಚಾಗಿ 100 ಗ್ರಾಮಿನ ಅಥವಾ 250 ಗ್ರಾಮಿನ ಡಬ್ಬ. ರುಚಿ ಹೇಗಿರುತ್ತದೋ ಗೊತ್ತಿಲ್ಲ. ಆದರೂ ನೂರಾರು ರೂಪಾಯಿ ಕೊಟ್ಟು ತಂದು, ಮನೆಯಲ್ಲಿ ಎಂದಿನಂತೆ ಪಾತ್ರೆಗೆ ಹಾಕಿ ಗಳಗಳ ಕುದಿಸಿ, ಒಂದು ಗುಟುಕು ಕುಡಿದು, ಅಯ್ಯೋ ಕಹಿ ಅಂತ ಮುಖ ಕಿವುಚಿ, ಡಬ್ಬವನ್ನು ಅಡುಗೆಮನೆಯ ಮೇಲಿನ ಅಟ್ಟಕ್ಕೆ ತಳ್ಳುತ್ತಾರೆ. ನಮ್ಮ ನೆಂಟರಿಷ್ಟರ ಮನೆಗಳಲ್ಲೇ ಇಂಥ ಡಬ್ಬಗಳನ್ನು ಎಷ್ಟೋ ನೋಡಿದ್ದೇನೆ. ಅದಕ್ಕೇ ಈ ಪತ್ರ. ಟೀ ಮಾರುವವರು 25 ಗ್ರಾಮಿನ ಪ್ಯಾಕೆಟ್ ಮಾಡಲಿ. ಎಲೆ ಯಾವ ತೋಟದ್ದು, ಯಾವ ತಿಂಗಳು ಕಿತ್ತದ್ದು ಅಂತ ಬರೆಯಲಿ. ಮಾಡುವ ವಿಧಾನವನ್ನು ಕನ್ನಡದಲ್ಲಿ ಅಚ್ಚು ಹಾಕಲಿ. ಕೇಳುತ್ತಿರುವುದು ಇಷ್ಟೇ. ಆದರೆ ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಹಾಲು ಹಾಕಿದ ಟೀ ಬಗ್ಗೆ ನನ್ನದೇನೂ ತಕರಾರಿಲ್ಲ, ಬೆಳಿಗ್ಗೆ ಎದ್ದರೆ ನಮ್ಮ ಮನೆಯಲ್ಲೂ ಅದೇ. ನಮ್ಮ ದೇಶದ ಬಹುಪಾಲು ಟೀ ಸಿಟಿಸಿ ಯಂತ್ರದಲ್ಲಿ ತಯಾರಾಗುತ್ತದೆ. 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಬಂದ ಯಂತ್ರ ಅದು. ಹಲ್ಲಿರುವ ಉರುಳೆಗಳ ನಡುವೆ ಸಿಕ್ಕಿದ ಎಲೆ ಜಜ್ಜಿ, ಹರಿದು, ಸುರುಳಿಯಾಗಿ ಸಣ್ಣ ಕಾಳಿನ ರೂಪದಲ್ಲಿ ಹೊರಗೆ ಬರುತ್ತದೆ. ಎಲೆಯ ರಸವೆಲ್ಲ ಆಗಲೇ ಹೊರಗೆ ಬಂದಿರುವುದರಿಂದ ನೀರಿಗೆ ಬಿದ್ದ ಕೂಡಲೇ ಬಣ್ಣ ಬಿಡುತ್ತದೆ, ಕುದಿಸಿ ಹಾಲು ಸಕ್ಕರೆ ಹಾಕಿದರೂ ರುಚಿ ಸೋಲುವುದಿಲ್ಲ. ಎಲೆ ಟೀಯ ರೀತಿಯೇ ಬೇರೆ. ಅದನ್ನು ಬಾಡಿಸಿ, ಉಜ್ಜಿ, ಆದಷ್ಟು ಇಡಿಯಾಗಿಯೇ ಒಣಗಿಸಿರುತ್ತಾರೆ. ಅದು ಬಿಸಿ ನೀರಿನಲ್ಲಿ ಸುಮ್ನೆ ನೆನೆಯಬೇಕು, ನಿಧಾನಕ್ಕೆ ಬಿಚ್ಚಿಕೊಳ್ಳಬೇಕು. ಒಲೆಯ ಮೇಲೆ ಅದಕ್ಕೆ ಕೆಲಸವಿಲ್ಲ.

ಗ್ರೀನ್ ಟೀ ಅಂದರೆ ಬೇರೆ ಯಾವುದೋ ಗಿಡದ ಸೊಪ್ಪು ಅಂದುಕೊಂಡವರು ಇನ್ನೂ ತುಂಬಾ ಜನ ಇದ್ದಾರೆ. ಗ್ರೀನ್, ಊಲಾಂಗ್, ಬ್ಲ್ಯಾಕ್, ವೈಟ್ ಎಲ್ಲವೂ ಕ್ಯಾಮೆಲಿಯಾ ಸಿನೆನ್ಸಿಸ್ ಅನ್ನುವ ಒಂದೇ ಗಿಡದ ಎಲೆ. ಕಿತ್ತು ಉಜ್ಜಿದ ಎಲೆ ಗಾಳಿಗೆ ಸಿಕ್ಕಿ ಬಣ್ಣ ತಿರುಗುತ್ತದೆ, ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವ ಹಾಗೆ. ಮೊದಲೇ ಹಬೆ ಹಾಯಿಸಿಯೋ ಬಾಣಲೆಯಲ್ಲಿ ಹುರಿದೋ ಅದನ್ನು ತಡೆದರೆ ಗ್ರೀನ್ ಟೀ. ಜಪಾನಿನವರು ಹಬೆ ಹಾಯಿಸುತ್ತಾರೆ, ಚೀನಾದವರು ಹೆಚ್ಚಾಗಿ ಹುರಿಯುತ್ತಾರೆ. ಅರ್ಧ ದಾರಿಯಲ್ಲಿ ತಡೆದರೆ ಊಲಾಂಗ್, ಪೂರ್ತಿ ಬಿಟ್ಟರೆ ಬ್ಲ್ಯಾಕ್. ಎಳೆ ಕುಡಿಗಳನ್ನು ಉಜ್ಜದೆ ಹಾಗೇ ಬಾಡಿಸಿ ಒಣಗಿಸಿದರೆ ವೈಟ್.

ಗ್ರೀನ್ ಟೀ ಕಹಿಯಾಗುವುದು ನೀರಿನ ಬಿಸಿಯಿಂದ. ಎಲೆಯಲ್ಲಿರುವ ಒಗರು ಕಹಿಯ ಅಂಶಗಳಾದ ಕ್ಯಾಟೆಕಿನ್, ಕೆಫೀನ್ ಕುದಿಯುವ ನೀರಿಗೆ ಬೇಗ ಮತ್ತು ಜಾಸ್ತಿ ಇಳಿಯುತ್ತವೆ. ಸಿಹಿಯ ಹದ ಕೊಡುವ ಥಿಯನೀನ್ ಕಡಿಮೆ ಬಿಸಿಗೂ ಇಳಿಯುತ್ತದೆ. ಹಾಗಾಗಿ 70ರಿಂದ 80 ಡಿಗ್ರಿಯ ನೀರು, ಎರಡು ನಿಮಿಷ, ಅಷ್ಟು ಸಾಕು. ಅದಕ್ಕೆ ಥರ್ಮಾಮೀಟರ್ ಬೇಕಾಗಿಲ್ಲ. ಕುದಿದ ನೀರನ್ನು ಸ್ಟೀಲ್ ಲೋಟಕ್ಕೆ ಹಾಕಿ, ಅಲ್ಲಿಂದ ದವರಕ್ಕೆ, ಮತ್ತೆ ಲೋಟಕ್ಕೆ, ಕಾಫಿ ಆರಿಸುತ್ತೇವಲ್ಲ, ಅದೇ ರೀತಿ ಎರಡು ಸಲ ಬಗ್ಗಿಸಿದರೆ ಹತ್ತಿರಹತ್ತಿರ ಆ ಬಿಸಿಗೆ ಬರುತ್ತದೆ. ತೂಕ ಇಳಿಯುತ್ತದೆ ಅನ್ನುವ ಒಂದೇ ಕಾರಣಕ್ಕೆ ಗ್ರೀನ್ ಟೀ ಮಾರಿ ಮಾರಿ, ಜನ ಅದನ್ನು ಔಷಧಿ ಥರ ಮೂಗು ಮುಚ್ಚಿ ಕುಡಿಯುವಂತೆ ಮಾಡಿದ್ದಾರೆ. ಅದು ನನಗೆ ನಿಜಕ್ಕೂ ಬೇಸರದ ವಿಷಯ. ಹದವಾಗಿ ಮಾಡಿದ ಗ್ರೀನ್ ಟೀ ಬಾಯಿಗೆ ಹಿತವಾಗಿರುತ್ತದೆ, ನುಂಗಿದ ಮೇಲೆ ನಾಲಿಗೆಯ ಮೇಲೆ ಸಣ್ಣಗೆ ಸಿಹಿ ಉಳಿಯುತ್ತದೆ.

ಬ್ಲ್ಯಾಕ್ ಟೀಗೆ ಇದರ ಉಲ್ಟಾ, ನೀರು ಆದಷ್ಟು ಬಿಸಿ ಇರಬೇಕು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 97 ಡಿಗ್ರಿಯ ಆಸುಪಾಸಿಗೇ ಕುದಿಯುತ್ತದೆ. ಮಡಿಕೇರಿಯಲ್ಲಿ ಇನ್ನೂ ಸ್ವಲ್ಪ ಕಡಿಮೆ, ಮಂಗಳೂರಿನಲ್ಲಿ 100. ನಮ್ಮಂಥ ಎತ್ತರದ ಊರಿನವರು ನೀರು ಕುದಿಯುತ್ತಿರುವಾಗಲೇ ಎಲೆಯ ಮೇಲೆ ಹಾಕಿ ತಟ್ಟೆ ಮುಚ್ಚಿಬಿಡಬೇಕು. ಮೂರರಿಂದ ನಾಲ್ಕು ನಿಮಿಷಕ್ಕೆ ಸೋಸಬೇಕು. ಮರೆತು ಬಿಟ್ಟರೆ ಒಗರು.

ನೀರಿನ ವಿಷಯಕ್ಕೆ ಬಂದರೆ ಇನ್ನೊಂದು ಮಾತಿದೆ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಹಾಲಿಲ್ಲದ ಟೀ ಮಾಡಿದರೆ ಮೇಲೆ ಎಣ್ಣೆಯಂಥ ಒಂದು ಪದರ ಕಟ್ಟುತ್ತದೆ, ಲೋಟ ಬಗ್ಗಿಸಿದರೆ ಆ ಪದರ ಒಡೆದು ಚೂರುಚೂರಾಗಿ ಅಂಚಿಗೆ ಅಂಟುತ್ತದೆ. ಎಲೆ ಕೆಟ್ಟಿದೆ ಅಂತ ಅಂಗಡಿಯವರ ಜೊತೆ ಜಗಳಕ್ಕೆ ಹೋಗುವುದು ಬೇಡ. ಗಡಸು ನೀರಿನ ಸುಣ್ಣದ ಅಂಶ ಟೀಯ ಜೊತೆ ಸೇರಿ ಆಗುವ ಪದರ ಅದು. ಅದೇ ಎಲೆಯನ್ನು ಕಾವೇರಿ ನೀರಿನಲ್ಲಿ ಮಾಡಿ ನೋಡಿ, ತಿಳಿಯಾಗಿರುತ್ತದೆ, ಘಮವೂ ಎದ್ದು ಬರುತ್ತದೆ. ತೀರಾ ಶುದ್ಧ ಮಾಡಿದ ಆರ್‌ಒ ನೀರಿನಲ್ಲಿ ಟೀ ಸಪ್ಪೆ ಅನ್ನಿಸುವುದೂ ಉಂಟು. ಬೋರ್‌ವೆಲ್ ನೀರು, ಆರ್‌ಒ ನೀರು ಎರಡನ್ನೂ ಬೆರೆಸಿದರೆ ಹೆಚ್ಚಿನ ಎಲೆಗಳಿಗೆ ಹೊಂದುತ್ತದೆ, ಇದು ನನ್ನ ಅನುಭವ.

ಈಗ ರುಚಿ ನೋಡುವ ಮಾತು. ಟೀ ರುಚಿ ನೋಡುವುದಕ್ಕೆಂದೇ ಐಎಸ್‌ಒ 3103 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಇದೆ. 100 ಮಿಲಿ ನೀರಿಗೆ 2 ಗ್ರಾಂ ಎಲೆ, ಆರು ನಿಮಿಷ. ಎಲೆಯ ಗುಣ ದೋಷ ಎಲ್ಲ ಹೊರಗೆ ಬರಲಿ ಅಂತ ಹಾಗೆ ಗಟ್ಟಿಯಾಗಿ ಮಾಡುತ್ತಾರೆ. ಮನೆಯಲ್ಲಿ ಒಂದು ಲೋಟ ನೀರಿಗೆ 2 ಗ್ರಾಂ ಎಲೆ ಸಾಕು. ಮುಖ್ಯವಾದದ್ದು ಒಂದೊಂದೇ ಕುಡಿಯುವುದಲ್ಲ, ಎರಡು ಮೂರು ಬಗೆಯನ್ನು ಒಟ್ಟಿಗೆ, ಒಂದೇ ಅಳತೆಯಲ್ಲಿ ಮಾಡಿ ಪಕ್ಕಪಕ್ಕ ಇಟ್ಟು ಕುಡಿಯುವುದು. ಡಾರ್ಜಿಲಿಂಗ್, ಅಸ್ಸಾಂ, ನೀಲಗಿರಿ ಇಟ್ಟುಕೊಳ್ಳಿ. ಅಸ್ಸಾಂ ಕೆಂಪಗೆ ಗಟ್ಟಿಯಾಗಿ ಮೈ ತುಂಬಿಕೊಂಡಿರುತ್ತದೆ. ಡಾರ್ಜಿಲಿಂಗ್ ತೆಳುವಾದ ಹೊಂಬಣ್ಣ, ಹೂವಿನ ಘಮ. ನೀಲಗಿರಿ ಇವೆರಡರ ನಡುವೆ, ಬಾಯಿಗೆ ಹಗುರ. ಆಮೇಲೆ ಮೂರನ್ನೂ ಆರಲು ಬಿಡಿ. ಗಟ್ಟಿ ಅಸ್ಸಾಂ ಆರಿದಂತೆ ಮಬ್ಬಾಗುತ್ತದೆ, ಒಳ್ಳೆಯ ನೀಲಗಿರಿ ತಣ್ಣಗಾದರೂ ತಿಳಿಯಾಗಿಯೇ ಇರುತ್ತದೆ. ಐಸ್ ಟೀಗೆ ಅದನ್ನು ಹುಡುಕಿಕೊಂಡು ಬರುವುದು ಇದಕ್ಕೇ. ಸೊರ್ ಅಂತ ಶಬ್ದ ಮಾಡಿ ಹೀರಿ, ನಾಚಿಕೆ ಬೇಡ, ಟೀ ಪರೀಕ್ಷಕರು ಮಾಡುವುದೂ ಹಾಗೇ. ಗಾಳಿಯ ಜೊತೆ ಒಳಗೆ ಹೋದರೆ ಘಮ ಮೂಗಿಗೆ ತಲುಪುತ್ತದೆ.

ಮಕ್ಕಳಿಗೆ ತೋರಿಸಬೇಕು ಅಂದರೆ ಉಂಡೆ ಕಟ್ಟಿದ ಊಲಾಂಗ್ ಅನ್ನು ಗಾಜಿನ ಲೋಟದಲ್ಲಿ ಮಾಡಿ. ಕಾಳುಮೆಣಸಿಗಿಂತ ಸ್ವಲ್ಪ ದಪ್ಪ ಇರುವ ಉಂಡೆಗಳು ಮೊದಲು ತಳ ಸೇರುತ್ತವೆ. ಒಂದೆರಡು ನಿಮಿಷದಲ್ಲಿ ಒಂದು ಮೂಲೆ ಎದ್ದು ನಿಲ್ಲುತ್ತದೆ, ಮಡಿಕೆ ಬಿಚ್ಚುತ್ತದೆ, ಕೊನೆಗೆ ತೊಟ್ಟಿನ ಸಮೇತ ಇಡೀ ಎಲೆಗಳು ಲೋಟ ತುಂಬಿ ನಿಲ್ಲುತ್ತವೆ. ಅದೇ ಎಲೆಗೆ ಮತ್ತೆ ಮತ್ತೆ ನೀರು ಹಾಕಬಹುದು, ನಾಲ್ಕನೇ ಸಲಕ್ಕೂ ರುಚಿ ಇರುತ್ತದೆ. ಆಗ ದುಬಾರಿ ಅನ್ನಿಸಿದ ಎಲೆಯ ಲೆಕ್ಕವೂ ಬದಲಾಗುತ್ತದೆ, ಅಲ್ವಾ?

ಕಿತ್ತ ತಿಂಗಳು ಯಾಕೆ ಬೇಕು ಅಂತ ಕೆಲವರು ಕೇಳಬಹುದು. ಡಾರ್ಜಿಲಿಂಗ್‌ನಲ್ಲಿ ಚಳಿ ಮುಗಿದು ಮಾರ್ಚ್, ಏಪ್ರಿಲ್‌ನಲ್ಲಿ ಚಿಗುರಿದ ಎಲೆಯೇ ಬೇರೆ, ಮೇ, ಜೂನ್‌ನ ಎಲೆಯೇ ಬೇರೆ. ಎರಡನೆಯದರಲ್ಲಿ ಬರುವ ದ್ರಾಕ್ಷಿಯಂಥ ಘಮಕ್ಕೆ ಎಲೆಯ ರಸ ಹೀರುವ ಪುಟ್ಟ ಜಿಗಿಹುಳುವೂ ಒಂದು ಕಾರಣ, ಹುಳು ಕಚ್ಚಿದ ಎಲೆ ತನ್ನ ರಕ್ಷಣೆಗೆ ಬೇರೆ ಥರದ ಘಮ ತಯಾರಿಸಿಕೊಳ್ಳುತ್ತದೆ. ನೀಲಗಿರಿಯಲ್ಲಿ ವರ್ಷವಿಡೀ ಎಲೆ ಕೀಳುತ್ತಾರೆ, ಆದರೆ ಇಬ್ಬನಿ ಹೆಪ್ಪುಗಟ್ಟುವ ಡಿಸೆಂಬರ್, ಜನವರಿಯ ಎಲೆಗೆ ಇರುವ ಸುವಾಸನೆ ಮಳೆಗಾಲದ ಎಲೆಗೆ ಬರುವುದಿಲ್ಲ. ನಮ್ಮ ಪ್ಯಾಕೆಟ್‌ಗಳ ಮೇಲೆ ಸಾಮಾನ್ಯವಾಗಿ ಇರುವುದು ಪ್ಯಾಕ್ ಮಾಡಿದ ದಿನಾಂಕ ಮಾತ್ರ. ಎಲೆ ಎಷ್ಟು ಹಳೆಯದು ಅನ್ನುವುದು ಅದರಿಂದ ತಿಳಿಯುವುದಿಲ್ಲ.

ಸಣ್ಣ ಪ್ಯಾಕೆಟ್‌ಗೆ ಇನ್ನೊಂದು ಕಾರಣವೂ ಇದೆ. ಪ್ಯಾಕೆಟ್ ಒಡೆದ ಮೇಲೆ ಟೀ ಗಾಳಿ, ಬೆಳಕು, ತೇವ ಮೂರಕ್ಕೂ ಹೆದರುತ್ತದೆ. ಮಸಾಲೆ ಡಬ್ಬದ ಪಕ್ಕದಲ್ಲಿಟ್ಟರೆ ಅದರ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ. ಕರಾವಳಿಯ ಮಳೆಗಾಲದಲ್ಲಂತೂ ಕೇಳುವುದೇ ಬೇಡ. 25 ಗ್ರಾಂ ಅಂದರೆ ಹನ್ನೆರಡು ಲೋಟ, ಘಮ ಹೋಗುವ ಮೊದಲೇ ಮುಗಿಯುತ್ತದೆ.

ಇಷ್ಟೆಲ್ಲ ದೂರದ ಊರಿನ ಹೆಸರು ಹೇಳಿದೆ, ಆದರೆ ನಮ್ಮ ನಾಡಿನಲ್ಲೂ ಟೀ ಬೆಳೆಯುತ್ತಾರೆ. ಕಾಫಿಯ ಹೆಸರಿನಲ್ಲಿ ಅದು ಮರೆಯಾಗಿದೆ ಅಷ್ಟೇ. ಚಿಕ್ಕಮಗಳೂರಿನ ಕೆಳಗೂರು, ಕಳಸದ ಹತ್ತಿರದ ಸಂಸೆ, ಸಕಲೇಶಪುರದ ಕಾಡುಮನೆ, ದಕ್ಷಿಣ ಕೊಡಗು, ಇಲ್ಲೆಲ್ಲ ತೋಟಗಳಿವೆ. ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡು ಮುಗಿಸಿ ಘಾಟಿ ಹತ್ತಿದರೆ ನೀಲಗಿರಿ. ಅಲ್ಲಿ ನಮ್ಮ ಭಾಷೆಗೆ ತೀರಾ ಹತ್ತಿರದ ಮಾತಾಡುವ ಬಡಗ ಕುಟುಂಬಗಳು ಸಣ್ಣ ಸಣ್ಣ ತೋಟಗಳಲ್ಲಿ ಟೀ ಬೆಳೆಯುತ್ತಾರೆ. ಒಂದು ಕಿಲೋ ಟೀ ಆಗಬೇಕಾದರೆ ನಾಲ್ಕು ಕಿಲೋಗಿಂತ ಜಾಸ್ತಿ ಹಸಿ ಎಲೆ ಬೇಕು. ಆ ಹಸಿ ಎಲೆಗೆ ಬೆಲೆ ಸಿಗುತ್ತಿಲ್ಲ ಅನ್ನುವ ಕೂಗು ಅಲ್ಲಿ ಎಷ್ಟೋ ವರ್ಷಗಳಿಂದ ಇದೆ. ಒಳ್ಳೆಯ ಎಲೆಯನ್ನು ಎಲೆಯಾಗಿಯೇ, ಊರಿನ ಹೆಸರು ಹಾಕಿ ಮಾರಿದರೆ ಬೆಳೆದವರಿಗೂ ನಾಲ್ಕು ಕಾಸು ಜಾಸ್ತಿ ಸಿಗಬಹುದು. ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನಕ್ಕೆ ಅಷ್ಟು ಜನ ಬರುತ್ತಾರೆ. ಅಲ್ಲಿ ನಮ್ಮ ಮಲೆನಾಡಿನ ಎಲೆ ಟೀಯನ್ನು ಸರಿಯಾಗಿ ಮಾಡಿ, ಚಿಕ್ಕ ಲೋಟದಲ್ಲಿ ಕೊಡುವ ಒಂದು ಮಳಿಗೆ ಇರಲಿ.

ಪ್ಯಾಕೆಟ್ ಮೇಲೆ ಏನು ಬರೆಯಬೇಕು ಅಂತ ಮಾರುವವರು ಕೇಳಿದರೆ ನಾನೇ ಬರೆದುಕೊಡುತ್ತೇನೆ: "ಬ್ಲ್ಯಾಕ್ ಟೀ: ಒಂದು ಲೋಟ ನೀರಿಗೆ ಒಂದು ಸಣ್ಣ ಚಮಚ ಎಲೆ. ಕುದಿಯುವ ನೀರು ಹಾಕಿ ಮುಚ್ಚಿಡಿ, ಮೂರು ನಿಮಿಷಕ್ಕೆ ಸೋಸಿ. ಗ್ರೀನ್ ಟೀ: ಕುದಿದ ನೀರನ್ನು ಎರಡು ಸಲ ಆರಿಸಿ ಹಾಕಿ, ಎರಡು ನಿಮಿಷಕ್ಕೆ ಸೋಸಿ. ಎಲೆಯನ್ನು ಒಲೆಯ ಮೇಲೆ ಕುದಿಸಬೇಡಿ. ಎರಡನೇ ಸಲವೂ ಇದೇ ಎಲೆ ಬಳಸಬಹುದು."

ಇಂತಿ,
ನಿಮ್ಮ ಓದುಗ, ಬೆಂಗಳೂರು