ಪೋಷಕರ ಗಮನಕ್ಕೆ: ಒಂದು ಖುಷಿ, ಒಂದು ಎಚ್ಚರ

ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆಯ ಎಂಟನೇ ಕ್ಲಾಸಿನ ಮೂವರು, ಬಡ ಪ್ರತಿಭಾವಂತ ಮಕ್ಕಳಿಗೆ ಕೇಂದ್ರ ಸರ್ಕಾರ ಕೊಡುವ ವಿದ್ಯಾರ್ಥಿವೇತನದ ಎನ್‌ಎಂಎಂಎಸ್ ಪರೀಕ್ಷೆಯಲ್ಲಿ ಆಯ್ಕೆಯಾಗಿದ್ದಾರೆ! ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ. ಸುದ್ದಿ ಕೇಳಿ ಒಬ್ಬ ಹುಡುಗಿಯ ಅಮ್ಮ ಗೇಟಿನ ಹತ್ತಿರ ಸೆರಗಲ್ಲಿ ಕಣ್ಣೊರೆಸಿಕೊಂಡು ನಿಂತಿದ್ದರು. ನನಗೂ ಗಂಟಲು ಕಟ್ಟಿತು. ಮಕ್ಕಳ ಫೋಟೊ, ಹೆಸರು ಮಾತ್ರ ಸ್ಟೇಟಸ್‌ಗೆ ಹಾಕಬೇಡಿ. ಹೊರಗಿನವರೂ ನೋಡುತ್ತಾರೆ ಅಲ್ವಾ.

ಇನ್ನೊಂದು ಮಾತು. ಶಾಲೆ ಬಿಡುವಾಗ ಗೇಟಿನ ಮುಂದೆಯೇ ಬೈಕ್ ನಿಲ್ಲಿಸಬೇಡಿ. ನಿನ್ನೆ ಒಂದನೇ ಕ್ಲಾಸಿನ ಮಗು ಎರಡು ಬೈಕಿನ ಸಂದಿಯಿಂದ ರಸ್ತೆಗೆ ಓಡಿತು. ಟೆಂಪೊ ಬಡಿಯುವುದು ಸ್ವಲ್ಪದರಲ್ಲಿ ತಪ್ಪಿತು. ಅರಳಿಕಟ್ಟೆ ಹತ್ತಿರ ನಿಲ್ಲಿಸಿ, ನಡೆದು ಬನ್ನಿ.

ಮಕ್ಕಳಿಗೆ 1098 ಬಾಯಿಪಾಠ ಮಾಡಿಸಿ. ಮಕ್ಕಳ ಸಹಾಯವಾಣಿ ಅದು, ಹಗಲು ರಾತ್ರಿ ಪುಕ್ಕಟೆ.