ಅಪ್ಪಯ್ಯನನ್ನು ಸಿಗಂದೂರಿಗೆ ಕರೆದೊಯ್ಯುವ ವಿಚಾರ

ಕವೆಂಟ್ರಿ, ಇಂಗ್ಲೆಂಡ್, ಭಾನುವಾರ

ಮಾತೃಶ್ರೀ ಅಮ್ಮನಿಗೆ ಮತ್ತು ತೀರ್ಥರೂಪು ಅಪ್ಪಯ್ಯನಿಗೆ ಸಾಷ್ಟಾಂಗ ನಮಸ್ಕಾರಗಳು. ಚಿರಂಜೀವಿ ಗಣಪತಿಗೂ ಸುಮಾಳಿಗೂ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ. ನಿಮ್ಮ ಕ್ಷೇಮಸಮಾಚಾರಕ್ಕೆ ಆಗಾಗ ಬರೆಯುತ್ತಿರಬೇಕು. ಅಡಿಕೆಯ ಕೊನೆಕೊಯ್ಲು ಮುಗಿದದ್ದು ತಿಳಿದು ಸಮಾಧಾನವಾಯಿತು.

ಅಮ್ಮ, ನಿನ್ನ ಪತ್ರದ ಕೊನೆಯ ಸಾಲುಗಳನ್ನು ಓದಿದ ಮೇಲೆ ಉಳಿದ ಸುದ್ದಿಗಳೆಲ್ಲ ತಲೆಯಿಂದ ಹಾರಿಹೋದವು. ಶರಾವತಿ ಹಿನ್ನೀರು ದಾಟಲು ಹೊಳೆಬಾಗಿಲಿನಲ್ಲಿ ಲಾಂಚಿಗಾಗಿ ಕಾಯುತ್ತಲೇ ಅರ್ಧ ಆಯುಷ್ಯ ಕಳೆದ ಅಪ್ಪಯ್ಯನಿಗೆ, 2025ರ ಜುಲೈಯಲ್ಲಿ ತೆರೆದ ಸೇತುವೆಯ ಮೇಲೆ ಒಮ್ಮೆ ಹೋಗಿ ಚೌಡೇಶ್ವರಿಯ ದರ್ಶನ ಮಾಡಬೇಕೆಂಬ ಆಸೆ ಇರುವುದು ಸಹಜವೇ. ಅವರು ಹೋಗಲೇಬೇಕು. ಆದರೆ ಗಣಪತಿ ಓಮ್ನಿಯ ಹಿಂದಿನ ಸೀಟುಗಳನ್ನು ಬಿಚ್ಚಿ, ನೆಲಕ್ಕೆ ಪ್ಲೈವುಡ್ ಹಾಸಿ, ಅಪ್ಪಯ್ಯನನ್ನು ಗಾಲಿಕುರ್ಚಿ ಸಮೇತ ಅಡ್ಡಲಾಗಿ ಕೂರಿಸಿ, ಅಡಿಕೆ ಮೂಟೆ ಕಟ್ಟುವ ನೈಲಾನ್ ಹಗ್ಗದಲ್ಲೇ ಬಿಗಿದು ಕರೆದೊಯ್ಯುತ್ತಾನೆಂದು ನೀನು ಬರೆದಿರುವುದನ್ನು ಓದಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಮುಂದಿನದನ್ನು ಗಣಪತಿಗೂ ಓದಿ ಹೇಳು. ಅವನ ಉದ್ದೇಶವನ್ನು ನಾನು ಹಳಿಯುತ್ತಿಲ್ಲ, ಅವನ ಹಗ್ಗವನ್ನು ಮಾತ್ರ ಹಳಿಯುತ್ತಿದ್ದೇನೆ.

ಗಾಲಿಕುರ್ಚಿಯನ್ನು ವಾಹನದೊಳಗೆ ಆಸನವಾಗಿ ಬಳಸಬಹುದೇ ಎಂದು ಪರೀಕ್ಷಿಸಲು ಐಎಸ್‌ಒ 7176ರ 19ನೆಯ ಭಾಗವೆಂಬ ಅಂತಾರಾಷ್ಟ್ರೀಯ ಮಾನದಂಡವಿದೆ. ಮನುಷ್ಯನಷ್ಟೇ ತೂಕದ ಗೊಂಬೆಯನ್ನು ಕೂರಿಸಿ, ಗಂಟೆಗೆ 48 ಕಿ.ಮೀ. ವೇಗದ ಮುಂಬದಿಯ ಡಿಕ್ಕಿಗೆ ಕುರ್ಚಿಯನ್ನು ಒಡ್ಡುತ್ತಾರೆ. ಆ ಕ್ಷಣದಲ್ಲಿ ಅದರ ಮೇಲೆ ಬೀಳುವ ರಭಸ ತೂಕದ ಸುಮಾರು 20 ಪಟ್ಟು. ಅಪ್ಪಯ್ಯನ 60 ಕಿಲೋ, ಕುರ್ಚಿಯ 15 ಕಿಲೋ ಎಂದಿಟ್ಟುಕೊಂಡರೂ ಒಟ್ಟು 1,500 ಕಿಲೋ, ಅಂದರೆ 15 ಕ್ವಿಂಟಾಲ್ ಅಡಿಕೆ ಒಮ್ಮೆಲೇ ಮುಂದಕ್ಕೆ ನುಗ್ಗಿದ ಲೆಕ್ಕ. ಅದನ್ನು ಗಣಪತಿಯ ಗಂಟು ತಡೆಯುತ್ತದೆಯೇ? ಗಂಟು ತಡೆದರೂ ಓಮ್ನಿಯ ತಗಡಿನ ನೆಲ ತಡೆಯುವುದಿಲ್ಲ. ಇನ್ನು ಅಡ್ಡಲಾಗಿ ಕೂರಿಸುವುದಂತೂ ಎಲ್ಲಕ್ಕಿಂತ ಅಪಾಯ. ನಮ್ಮಲ್ಲಿ ಜೀಪಿನ ಹಿಂಬದಿಯಲ್ಲಿ ಎದುರುಬದುರು ಕುಳಿತು ರೂಢಿಯಾಗಿರುವುದರಿಂದ ಅದು ತಪ್ಪೆನಿಸುವುದಿಲ್ಲ. ಆದರೆ ಗಾಲಿಕುರ್ಚಿಯೂ ಅದರ ಪಟ್ಟಿಗಳೂ ಮುಂಬದಿಯ ಹೊಡೆತಕ್ಕೆಂದು ಪರೀಕ್ಷೆಯಾದವು. ಪಕ್ಕದಿಂದ ಬಿದ್ದ ಹೊಡೆತಕ್ಕೆ ಕುರ್ಚಿ ಮಡಚಿಕೊಳ್ಳುತ್ತದೆ, ಕತ್ತಿಗೆ ಆಧಾರವೇ ಇರುವುದಿಲ್ಲ.

ಇಲ್ಲಿ ಅದನ್ನು ಹೇಗೆ ಮಾಡುತ್ತಾರೆಂಬುದನ್ನು ಪಕ್ಕದ ಮನೆಯ ಹೆಂಗಸಿನ ಕಾರಿನಲ್ಲಿ ನಾನು ಕಣ್ಣಾರೆ ಕಂಡಿದ್ದೇನೆ. ಕಾರಿನ ಹಿಂಭಾಗದ ನೆಲವನ್ನೇ ಕತ್ತರಿಸಿ ತಗ್ಗಿಸಿದ್ದಾರೆ. ಹಿಂಬಾಗಿಲು ತೆರೆದು ಹಲಗೆಯನ್ನು ಬಿಡಿಸಿದರೆ ಆಕೆ ಕುರ್ಚಿಯಲ್ಲೇ ಒಳಗೆ ಬರುತ್ತಾರೆ. ಆಮೇಲೆ ಮುಂದೆ ಎರಡು, ಹಿಂದೆ ಎರಡು, ಹೀಗೆ ನಾಲ್ಕು ಪಟ್ಟಿಗಳು. ಅವುಗಳ ಕೊಕ್ಕೆಗಳು ಕುರ್ಚಿಯ ಮುಖ್ಯ ಚೌಕಟ್ಟಿಗೆ ಬೀಳಬೇಕೇ ಹೊರತು ಚಕ್ರಕ್ಕಾಗಲಿ, ಕಳಚಿ ಬರುವ ಕೈಯಾಸರೆಗಾಗಲಿ, ಕಾಲುಮಣೆಗಾಗಲಿ ಅಲ್ಲ. ಕುರ್ಚಿಯನ್ನು ಬಿಗಿದರೆ ಮುಗಿಯಲಿಲ್ಲ. ಮನುಷ್ಯನಿಗೆ ಬೇರೆಯೇ ಬೆಲ್ಟ್ ಬೇಕು. ಅದು ಹೊಟ್ಟೆಯ ಮೇಲಲ್ಲ, ಕೈಯಾಸರೆಯ ಒಳಗಿನಿಂದ ಹಾದು ಸೊಂಟದ ಮೂಳೆಯ ಮೇಲೆ ತಗ್ಗಿ ಕೂರಬೇಕು, ಭುಜದ ಪಟ್ಟಿ ವಾಹನಕ್ಕೇ ಸೇರಿರಬೇಕು. ಅಪ್ಪಯ್ಯನ ಕುರ್ಚಿಗೆ ಹೊಲಿದಿರುವ ಬೆಲ್ಟ್ ಅವರು ಜಾರದಂತೆ ಹಿಡಿಯುವುದಕ್ಕಷ್ಟೇ. ಅದನ್ನು ನಂಬಬಾರದು.

ಈ ದೇಶದ ಬಗ್ಗೆ ದೂರುವುದು ಬೇಕಾದಷ್ಟಿದೆ. ಮಳೆಯ ಹೆಸರಿನಲ್ಲಿ ಇಲ್ಲಿ ಉದುರುವುದನ್ನು ಕಂಡರೆ ಆಗುಂಬೆಯ ಎಮ್ಮೆಯೂ ನಕ್ಕೀತು. ಆದರೆ ಈ ಒಂದು ವಿಷಯದಲ್ಲಿ ಇವರನ್ನು ಮೆಚ್ಚಲೇಬೇಕು. ಲಂಡನ್ನಿನ ಕಪ್ಪು ಟ್ಯಾಕ್ಸಿಯಲ್ಲಿ ಗಾಲಿಕುರ್ಚಿಗೆ ಜಾಗವಿರಲೇಬೇಕೆಂಬ ನಿಯಮ 2000ದಿಂದಲೇ ಇದೆ. ಈಗಿನ ಟ್ಯಾಕ್ಸಿಗಳನ್ನು ನಾವಿರುವ ಕವೆಂಟ್ರಿಗೆ ಅಂಟಿಕೊಂಡಿರುವ ಆನ್ಸ್ಟಿಯಲ್ಲೇ ತಯಾರಿಸುವುದರಿಂದ, ನನಗೇನೂ ಪಾಲಿಲ್ಲದಿದ್ದರೂ ಸ್ವಲ್ಪ ಜಂಬ. 1977ರಲ್ಲಿ ಆರಂಭವಾದ ಮೋಟಬಿಲಿಟಿ ಎಂಬ ಯೋಜನೆಯಲ್ಲಿ, ಸರ್ಕಾರ ಕೊಡುವ ಓಡಾಟದ ಭತ್ಯೆಯನ್ನು ಕಟ್ಟಿದರೆ ಕಾರು ಗುತ್ತಿಗೆಗೆ ಸಿಗುತ್ತದೆ. ಕಾಲಿಗೆ ಸ್ವಾಧೀನವಿಲ್ಲದವರು ಸ್ಟೀರಿಂಗಿನ ಪಕ್ಕದ ಹಿಡಿಯನ್ನು ಒತ್ತಿ ಬ್ರೇಕ್ ಹಾಕುತ್ತಾರೆ, ಎಳೆದು ವೇಗ ಹೆಚ್ಚಿಸುತ್ತಾರೆ. ಅಪ್ಪಯ್ಯನಿಗೆ ಇದನ್ನು ಹೇಳಬೇಡಿ, ನಾಳೆಯೇ ಡ್ರೈವಿಂಗ್ ಕಲಿಯುತ್ತೇನೆಂದು ಹಟ ಹಿಡಿದಾರು! ಬಸ್ಸಿನಲ್ಲಿ ಕುರ್ಚಿಯನ್ನು ಕಟ್ಟುವುದಿಲ್ಲವಲ್ಲ ಎಂದು ಗಣಪತಿ ವಾದಿಸುವುದು ಖಂಡಿತ. ಇಲ್ಲಿ ಊರೊಳಗಿನ ಬಸ್ಸಿನಲ್ಲಿ ಹಿಮ್ಮುಖವಾಗಿ, ಬೆನ್ನಿಗೆ ಗಟ್ಟಿಯಾದ ಒರಗು ಕೊಟ್ಟು ನಿಲ್ಲಿಸುತ್ತಾರೆ. ಬಸ್ಸು ಭಾರವಾದ್ದರಿಂದ ಡಿಕ್ಕಿಯಲ್ಲಿ ಅದರ ವೇಗ ಕಾರಿನಂತೆ ಥಟ್ಟನೆ ಇಳಿಯುವುದಿಲ್ಲ.

ಹಾಗೆಂದು ಇಲ್ಲಿಯ ಕಾರನ್ನೇ ಅಲ್ಲಿಗೆ ತಂದರೂ ಪ್ರಯೋಜನವಿಲ್ಲ. ನೆಲ ತಗ್ಗಿಸಿದ ಕಾರು ನಮ್ಮ ಉಣುಗೋಲು ದಾಟುವ ಮೊದಲೇ ಕಲ್ಲಿಗೆ ಹೊಟ್ಟೆ ಉಜ್ಜಿಕೊಂಡು ನಿಲ್ಲುತ್ತದೆ. ನೆಲ ತಗ್ಗಿಸದೆ ಬರೀ ಹಲಗೆ ಇಡೋಣವೆಂದರೆ, ನೆಲದಿಂದ 60 ಸೆಂ.ಮೀ. ಎತ್ತರದ ವಾಹನಕ್ಕೆ ಕಟ್ಟಡಗಳಲ್ಲಿರುವಂತೆ 12ಕ್ಕೆ 1ರ ಇಳಿಜಾರು ಕೊಡಲು 7 ಮೀಟರಿಗಿಂತ ಉದ್ದದ ಹಲಗೆ ಬೇಕು. ಗಿಡ್ಡ ಹಲಗೆಯಾದರೆ ಮಳೆಗಾಲದ ಅಂಗಳದಲ್ಲಿ ತಳ್ಳುವವನೂ ಕೂತವನೂ ಒಟ್ಟಿಗೆ ಜಾರುತ್ತಾರೆ. ಇದಲ್ಲದೆ, ವಾಹನವನ್ನು ಹೀಗೆ ಬದಲಾಯಿಸಲು ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ನಿನಂತೆ ಆರ್‌ಟಿಒ ಕಚೇರಿಯಲ್ಲಿ ದಾಖಲಾಗಬೇಕು. ಹಾಗಾಗದಿದ್ದರೆ ಅಪಘಾತವಾದಾಗ ವಿಮೆಯವರು ತಕರಾರು ತೆಗೆಯದೇ ಇರುತ್ತಾರೆಯೇ?

ಆದ್ದರಿಂದ ನಾನು ಹೇಳುವುದು ಇಷ್ಟೇ: ಅಪ್ಪಯ್ಯ ಕುರ್ಚಿಯಿಂದ ಕಾರಿನ ಸೀಟಿಗೆ ಬದಲಾಗಿಯೇ ಹೋಗಲಿ. ಅವರ ಮಡಚುವ ಕುರ್ಚಿ ಡಿಕ್ಕಿಯ ಪರೀಕ್ಷೆಗೆ ಒಳಗಾದದ್ದಲ್ಲ. ಅಂಥ ಕುರ್ಚಿಯವರಿಗೆ ಕಾರಿನ ಸೀಟು ಮತ್ತು ಬೆಲ್ಟೇ ಕ್ಷೇಮ. ಚಿಕ್ಕಪ್ಪನ ವ್ಯಾಗನ್ ಆರ್ ಇದಕ್ಕೆ ಓಮ್ನಿಗಿಂತ ಎಷ್ಟೋ ವಾಸಿ, ಸೀಟು ಹೆಚ್ಚುಕಡಿಮೆ ಕುರ್ಚಿಯ ಎತ್ತರಕ್ಕೇ ಬರುತ್ತದೆ. ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ಕುರ್ಚಿಯ ಬ್ರೇಕ್ ಹಾಕಿ, ನುಣುಪಾದ ಜಾರುಹಲಗೆಯೊಂದನ್ನು ನಡುವೆ ಇಟ್ಟರೆ ಎತ್ತುವ ಅಗತ್ಯವೇ ಬೀಳುವುದಿಲ್ಲ. ಮೊದಲು ಸೊಂಟ, ಆಮೇಲೆ ಒಂದೊಂದಾಗಿ ಕಾಲು. ಕಂಕುಳಿಗೆ ಕೈ ಹಾಕಿ ಎಳೆಯುವುದನ್ನು ದಯವಿಟ್ಟು ನಿಲ್ಲಿಸಿ, ಭುಜದ ಕೀಲು ಹೋಗುತ್ತದೆ. ಬಾಗಿಲಿನ ಕಡೆಗೆ ತಿರುಗಿ ಹೊರಬರುವ ಸೀಟೊಂದನ್ನು ಬೆಂಗಳೂರಿನ ಸಂಸ್ಥೆಯೊಂದರ ಜತೆಗೂಡಿ ಮಾರುತಿಯವರು ವ್ಯಾಗನ್ ಆರ್‌ಗೆ ಕೊಡತೊಡಗಿದ್ದಾರೆ. ಚಿಕ್ಕಪ್ಪನ ಕಾರಿಗೆ ಅದು ಹೊಂದುತ್ತದೆಯೇ ಎಂದು ಗಣಪತಿ ಶಿವಮೊಗ್ಗದ ಷೋರೂಮಿನಲ್ಲಿ ವಿಚಾರಿಸಲಿ.

ಇನ್ನೊಂದು ವಿಷಯವನ್ನು ಮರೆಯಬಾರದು. ಓಮ್ನಿಯ ಎಂಜಿನ್ ಇರುವುದು ಮುಂದಿನ ಸೀಟುಗಳ ಅಡಿಯಲ್ಲಿ. ಅಪ್ಪಯ್ಯನ ಕಾಲಿಗೆ ಬಿಸಿ ತಿಳಿಯುವುದಿಲ್ಲವಾದ್ದರಿಂದ ಅಲ್ಲಿ ಕುಳಿತರೆ ಸುಟ್ಟು ಬೊಬ್ಬೆ ಬಂದರೂ ಮನೆಗೆ ಬಂದು ಕಾಲುಚೀಲ ಬಿಚ್ಚುವವರೆಗೆ ಗೊತ್ತಾಗುವುದಿಲ್ಲ. ಕೂತಲ್ಲೇ ಕೂತರೆ ಹುಣ್ಣಾಗುವ ಭಯವೂ ಇದೆ. ವ್ಯಾಯಾಮಕ್ಕೆಂದು ಶಿವಮೊಗ್ಗೆಗೆ ಹೋಗುವಾಗಲೂ ಕುರ್ಚಿಯ ದಿಂಬನ್ನು ಸೀಟಿಗೆ ಹಾಕಿ, ಅರ್ಧ ಗಂಟೆಗೊಮ್ಮೆ ಮುಂದಕ್ಕೂ ಪಕ್ಕಕ್ಕೂ ಬಾಗಿಸಿ ಭಾರ ಇಳಿಸಿ. ಆನಂದಪುರದಲ್ಲಿ ಒಮ್ಮೆ ನಿಲ್ಲಿಸಿದರೆ ನಷ್ಟವೇನಿಲ್ಲ. ಸೀಟಿನ ಬೆನ್ನನ್ನು ತೀರಾ ಮಲಗಿಸಬೇಡಿ, ಬೆಲ್ಟ್ ಹೊಟ್ಟೆಗೆ ಏರುತ್ತದೆ. ಖಾಲಿ ಕುರ್ಚಿಯನ್ನು ಕಾರಿನ ಹಿಂದಿನ ಡಿಕ್ಕಿಯಲ್ಲಿಟ್ಟು ಬಿಗಿಯಿರಿ. ಗಣಪತಿಯ ಹಗ್ಗ ಅಲ್ಲಿ ಕೆಲಸಕ್ಕೆ ಬರಲಿ.

ಖರ್ಚಿನ ಚಿಂತೆಯನ್ನು ಖಂಡಿತ ಮಾಡಬೇಡಿ. ಇದಕ್ಕಾಗಿ ಕೆಳಗಿನ ಗದ್ದೆಯ ಮಾತೆತ್ತಿದರೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ನಮಗೆ ಇಲ್ಲಿ ಯಾವ ತೊಂದರೆಯೂ ಇಲ್ಲ, ಸಂಬಳ ಸಾಕಷ್ಟಿದೆ, ಮನೆ ಬೆಚ್ಚಗಿದೆ, ಚೆನ್ನಾಗಿ ಉಣ್ಣುತ್ತಿದ್ದೇವೆ, ನಾನು ಸೊರಗಿಲ್ಲ. ಫೋಟೋದಲ್ಲಿ ಹಾಗೆ ಕಂಡದ್ದು ಬೆಳಕಿನ ದೋಷ. ಈ ವಾರವೇ ಹಣ ಕಳಿಸುತ್ತೇನೆ. ನಾನಂತೂ ಸ್ವಲ್ಪವೂ ಗಾಬರಿಯಾಗಿಲ್ಲ, ಆದರೂ ಸೀಟಿನ ವಿಷಯ ಇತ್ಯರ್ಥವಾಗುವ ತನಕ ಯಾರೂ ಹೊರಡಬೇಡಿ, ಮತ್ತು ಗಣಪತಿ ಪ್ಲೈವುಡ್ ಕೊಯ್ಯುವುದನ್ನು ಇಂದೇ ನಿಲ್ಲಿಸಲಿ.

ಬಸ್ಸಿಗೆ ಹೊತ್ತಾಯಿತು, ಇಲ್ಲಿಗೆ ಮುಗಿಸುತ್ತೇನೆ. ಅಪ್ಪೆಮಿಡಿ ಕಳಿಸುವುದಾದರೆ ಡಬ್ಬಿಯ ಮುಚ್ಚಳ ಭದ್ರವಿರಲಿ. ಉಳಿದದ್ದು ಫೋನಿನಲ್ಲಿ.

ಇತಿ ನಿಮ್ಮ ಮಗಳು