ಹಳೆಯದೆಂಬ ಕಾರಣಕ್ಕೆ ರಿಯಾಯಿತಿ ಇಲ್ಲ: ಗೆಳೆಯನಿಗೊಂದು ಪತ್ರ

ವಿಜಯಪುರ

ಪ್ರಿಯ ಗೆಳೆಯಾ,

ಸಪ್ರೇಮ ವಂದನೆಗಳು. ಇತ್ತ ಎಲ್ಲರೂ ಕ್ಷೇಮವಾಗಿದ್ದೇವೆ. ವೈನಿಯವರನ್ನೂ ಮಕ್ಕಳನ್ನೂ ಕೇಳಿದ್ದೇನೆಂದು ಹೇಳು.

ದೂರದರ್ಶನದ ಹಳೆಯ ಧಾರಾವಾಹಿಗಳ ಮುಂದೆ ಇಂದಿನವು ಕಸಕ್ಕೆ ಸಮಾನವೆಂದು ಪುಣೆಯಿಂದ ನೀನು ಬರೆದ ಪತ್ರ ತಲುಪಿತು. ಇಂದಿನವುಗಳ ಪರವಾಗಿ ವಕಾಲತ್ತು ವಹಿಸುವ ಉತ್ಸಾಹ ನನಗೂ ಇಲ್ಲ. ಆದರೆ ಹಳೆಯವನ್ನೆಲ್ಲ ಒಂದೇ ಗಂಟಿನಲ್ಲಿ ಕಟ್ಟಿ ದೇವರ ಜಗುಲಿಯ ಮೇಲೆ ಇಟ್ಟುಬಿಟ್ಟಿದ್ದೀಯಲ್ಲ, ಅದಕ್ಕೆ ನನ್ನ ಒಪ್ಪಿಗೆಯಿಲ್ಲ. ನಿವೃತ್ತಿಯ ನಂತರದ ಬಿಡುವಿನಲ್ಲಿ ಅವುಗಳಲ್ಲಿ ಬಹಳಷ್ಟನ್ನು ಯೂಟ್ಯೂಬಿನಲ್ಲಿ ಮತ್ತೊಮ್ಮೆ ನೋಡಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ಪರದೆಯ ಮೇಲಿನ ಮನುಷ್ಯರು ತಾವು ನಿಂತ ನೆಲದ ಮೇಲೆ ನಿಜವಾಗಿಯೂ ಬದುಕುತ್ತಿರುವವರಂತೆ ಮಾತನಾಡುತ್ತಿದ್ದರೆ ಆ ಕಂತು ಇಂದಿಗೂ ಗಟ್ಟಿಯಾಗಿದೆ, ಹಾಗಿಲ್ಲದಿದ್ದರೆ ಅದರ ವಯಸ್ಸು ಎಷ್ಟೇ ಇರಲಿ, ನಮ್ಮ ಯೌವನದ ಮಮತೆ ಎಷ್ಟೇ ಅಂಟಿಕೊಂಡಿರಲಿ, ಅದನ್ನು ಕೊನೆಯವರೆಗೆ ನೋಡುವುದು ಕಷ್ಟ.

ನೀನು ಎತ್ತಿ ಹಿಡಿದಿರುವ ರಾಮಾನಂದ ಸಾಗರರ ರಾಮಾಯಣದಿಂದಲೇ ಆರಂಭಿಸುತ್ತೇನೆ, ಸಿಟ್ಟಾಗಬೇಡ. 1987ರ ಜನವರಿ 25ರಂದು ಶುರುವಾಗಿ 78 ಕಂತುಗಳಲ್ಲಿ ಹಬ್ಬಿದ ಆ ಧಾರಾವಾಹಿಗೆ ದೇಶದ ಉದ್ದಗಲಕ್ಕೂ ಜನರು ಟಿವಿಗೆ ಹಾರ ಹಾಕಿ ಊದಿನಕಡ್ಡಿ ಹಚ್ಚಿ ಕುಳಿತಿದ್ದು ಸುಳ್ಳಲ್ಲ. 2020ರ ಲಾಕ್‌ಡೌನಿನಲ್ಲಿ ಅದು ಮತ್ತೆ ಬಂದಾಗಲೂ ಮನೆಮನೆಗಳಲ್ಲಿ ಅದೇ ಭಕ್ತಿ ಕಾಣಿಸಿತು. ಆದರೆ ಭಕ್ತಿ ರಾಮನಿಗೆ ಸಲ್ಲಬೇಕಾದದ್ದು, ಕ್ಯಾಮರಾಕ್ಕೆ ಅಲ್ಲ. ಒಂದು ಮಾತು ಹೊರಬಿದ್ದರೆ ಸಾಕು, ಸಭೆಯಲ್ಲಿರುವ ಪ್ರತಿಯೊಬ್ಬರ ಮುಖದ ಬಳಿಗೂ ಕ್ಯಾಮರಾ ಸರದಿಯಂತೆ ಹೋಗಿ ಬರುತ್ತದೆ. ಪ್ರತಿ ಮುಖವೂ ಒಂದೇ ಬಗೆಯ ಮುಗುಳ್ನಗೆಯನ್ನೋ ಒಂದೇ ಬಗೆಯ ಕಣ್ಣೀರನ್ನೋ ತೋರಿಸುತ್ತದೆ. ಅರುಣ್ ಗೋವಿಲ್ ಅವರ ಶಾಂತಮುಖಕ್ಕೆ ನನ್ನ ತಕರಾರಿಲ್ಲ, ಆದರೆ ನೂರು ಸನ್ನಿವೇಶಗಳಿಗೂ ಒಂದೇ ಶಾಂತಿ ಎಂದರೆ ನಟನಿಗೆ ಮಾಡಲು ಏನು ಉಳಿಯುತ್ತದೆ? ಆ ಧಾರಾವಾಹಿಯಲ್ಲಿ ಮೈಯಲ್ಲಿ ರಕ್ತ ಹರಿಯುವಂತೆ ಕಂಡವನು ಅರವಿಂದ ತ್ರಿವೇದಿಯವರ ರಾವಣನೊಬ್ಬನೇ. ದಾರಾ ಸಿಂಗ್ ಅವರ ಹನುಮಂತನಲ್ಲಿ ಒಂದು ಮುಗ್ಧ ಸಂತೋಷವಿತ್ತು, ಅದನ್ನೂ ಸೇರಿಸೋಣ.

ದೇವರ ಕಥೆಯನ್ನು ಹೀಗೆ ಅಳೆಯಬಾರದೆಂದು ನೀನು ಹೇಳಬಹುದು. ನಮ್ಮ ಕಡೆಯವನಾಗಿ ಹಾಗೆ ಹೇಳಲು ನಿನಗೆ ಬಾಯಿಯಾದರೂ ಹೇಗೆ ಬಂದೀತು? ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣ ಕಟ್ಟಿಕೊಟ್ಟ, ಕೌಜಲಗಿ ನಿಂಗಮ್ಮ ಊರೂರಿಗೆ ಒಯ್ದ ಶ್ರೀಕೃಷ್ಣ ಪಾರಿಜಾತ ಬಯಲಾಟವನ್ನು ಬೆಳಗಿನ ತನಕ ನೋಡಿ ಬೆಳೆದವರು ನಾವು. ಅಲ್ಲಿಯ ಕೃಷ್ಣ ಗೊಲ್ಲತಿಯ ಕೈಯಲ್ಲಿ ಮಾತು ಕೇಳುತ್ತಾನೆ, ಸತ್ಯಭಾಮೆ ಹೂವೊಂದಕ್ಕಾಗಿ ಹಟ ಹಿಡಿದು ಜಗಳ ತೆಗೆಯುತ್ತಾಳೆ, ಜನರು ಬಿದ್ದು ಬಿದ್ದು ನಗುತ್ತಾರೆ, ಮುಗಿದ ಮೇಲೆ ಕೈಮುಗಿದೇ ಮನೆಗೆ ಹೋಗುತ್ತಾರೆ. ದೇವರು ಮಾತಿನಲ್ಲಿ ಸಿಕ್ಕಿಬೀಳಬಲ್ಲನೆಂಬುದನ್ನು ನೋಡಿದವನಿಗೆ, ಬಾಯಿ ತೆರೆದರೆ ಉಪದೇಶವನ್ನಷ್ಟೇ ಮಾಡುವ ದೇವರು ಸಪ್ಪೆಯಾಗಿ ಕಂಡರೆ ಅದು ನೋಡುಗನ ತಪ್ಪಲ್ಲ.

ಬಿ.ಆರ್. ಚೋಪ್ರಾ ಅವರ ಮಹಾಭಾರತದ ಮಾತು ಬೇರೆ. 1988ರ ಅಕ್ಟೋಬರ್ 2ರಿಂದ 1990ರ ಜೂನ್‌ವರೆಗೆ 94 ಕಂತುಗಳಲ್ಲಿ ಬಂದ ಅದರ ಉಡುಗೆ ತೊಡುಗೆ, ಥಳಕಿನ ಕಿರೀಟ, ಬಣ್ಣ ಬಳಿದ ಕಂಬಗಳು ರಾಮಾಯಣಕ್ಕಿಂತ ಹೆಚ್ಚೇನೂ ಮೇಲಲ್ಲ. ಯುದ್ಧದ ಕಂತುಗಳಲ್ಲಿ ಬಾಣಗಳು ಆಕಾಶದಲ್ಲಿ ಡಿಕ್ಕಿ ಹೊಡೆಯುವುದನ್ನು ನೋಡುತ್ತ ನಾನು ಈ ಸಲ ನಿಸ್ಸಂಕೋಚವಾಗಿ ಮುಂದಕ್ಕೆ ಓಡಿಸಿದೆ. ಅದನ್ನು ಕಾಪಾಡಿದ್ದು ರಾಹಿ ಮಾಸೂಮ್ ರಜಾ ಅವರ ಬರವಣಿಗೆ. ಕಾಲವೇ ಕಥೆ ಹೇಳುತ್ತದೆಂಬ ಹೊಳಹು, ಅದಕ್ಕೆ ಹರೀಶ್ ಭಿಮಾನಿಯವರ ಧ್ವನಿ, ಪ್ರತಿ ಪಾತ್ರಕ್ಕೂ ತನ್ನ ಪಕ್ಷವನ್ನು ವಾದಿಸಲು ಕೊಟ್ಟ ಅವಕಾಶ, ಇವುಗಳಿಂದಾಗಿ ದ್ಯೂತಸಭೆಯ ಕಂತುಗಳು ಈಗಲೂ ನೋಡುಗನ ಕುತ್ತಿಗೆ ಹಿಡಿಯುತ್ತವೆ. ರೂಪಾ ಗಂಗೂಲಿಯವರ ದ್ರೌಪದಿ ಸಭೆಗೆ ಪ್ರಶ್ನೆ ಹಾಕುವಾಗ ಮುಕೇಶ್ ಖನ್ನಾ ಅವರ ಭೀಷ್ಮ ಉತ್ತರವಿಲ್ಲದೆ ಕುಳಿತಿರುವುದನ್ನು ನೋಡು. ಅಲ್ಲಿ ಕ್ಯಾಮರಾ ಮುಖಗಳ ಬಳಿ ಹೋಗುವುದಕ್ಕೆ ಕಾರಣವಿದೆ, ಏಕೆಂದರೆ ಪ್ರತಿಯೊಂದು ಮುಖವೂ ತನ್ನದೇ ಆದ ಬೇರೆ ತಪ್ಪನ್ನು ಹೊತ್ತಿದೆ. ಮುಸ್ಲಿಂ ಲೇಖಕರೊಬ್ಬರು ಮಹಾಭಾರತ ಬರೆಯುವುದೇ ಎಂದು ಆ ದಿನಗಳಲ್ಲಿ ಕೆಲವರು ಆಕ್ಷೇಪಿಸಿದ್ದರು. ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿ ದಖನಿ ಉರ್ದುವಿನಲ್ಲಿ ಕಿತಾಬ್-ಎ-ನೌರಸ್ ಎಂಬ ಹಾಡುಗಳ ಪುಸ್ತಕ ರಚಿಸಿದ ಸುಲ್ತಾನ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಊರಿನಲ್ಲಿ ಕುಳಿತ ನನಗೆ ಅದರಲ್ಲಿ ಆಕ್ಷೇಪಿಸುವಂಥದ್ದು ಏನಿದೆಯೋ ತಿಳಿಯಲಿಲ್ಲ.

ಹಮ್ ಲೋಗ್ ಬಗ್ಗೆ ನೀನು ಒಂದು ಪುಟ ಬರೆದಿದ್ದೀಯ. 1984ರಲ್ಲಿ ಅದು ಮೊದಲ ದೊಡ್ಡ ಧಾರಾವಾಹಿಯಾಗಿತ್ತೆಂಬುದು ಚರಿತ್ರೆಯ ಮಾತು, ಅದಕ್ಕೆ ಗೌರವವಿರಲಿ. ನೋಡಲು ಕುಳಿತರೆ ಕುಟುಂಬ ಕಲ್ಯಾಣದ ಪಾಠವೇ ಎದ್ದು ಕಾಣುತ್ತದೆ. ಕೊನೆಯಲ್ಲಿ ಅಶೋಕ್ ಕುಮಾರ್ ಬಂದು ಬುದ್ಧಿ ಹೇಳುವ ಆ ಒಂದೆರಡು ನಿಮಿಷಗಳೇ ಉಳಿದದ್ದಕ್ಕಿಂತ ಲವಲವಿಕೆಯಿಂದಿವೆ.

ಈಗ ನಾನು ಮನಸಾರೆ ಹೊಗಳುವ ವಿಷಯಕ್ಕೆ ಬರುತ್ತೇನೆ. ಶಂಕರ್ ನಾಗ್ ಆಗುಂಬೆಯ ಬೀದಿಯಲ್ಲಿ ಕಟ್ಟಿದ ಮಾಲ್ಗುಡಿ ಡೇಸ್ ನಮ್ಮ ಪತ್ರವ್ಯವಹಾರದಲ್ಲಿ ಎಷ್ಟೋ ಸಲ ಬಂದು ಹೋಗಿದೆ, ಆದರೆ ಅದು ಏಕೆ ಚೆನ್ನಾಗಿದೆಯೆಂದು ನೀನು ಒಮ್ಮೆಯೂ ಹೇಳಲಿಲ್ಲ, ಎಲ್. ವೈದ್ಯನಾಥನ್ ಅವರ ಶೀರ್ಷಿಕೆ ಸಂಗೀತವನ್ನೂ ಆರ್.ಕೆ. ಲಕ್ಷ್ಮಣರ ಚಿತ್ರಗಳನ್ನೂ ನೆನೆದು ನಿಟ್ಟುಸಿರು ಬಿಟ್ಟು ಮುಗಿಸುತ್ತೀಯ. ನನ್ನ ಮಟ್ಟಿಗೆ ಅದರ ಗುಟ್ಟು ಇರುವುದು ಅರ್ಧ ಗಂಟೆಯ ಹೊತ್ತಿಗೆ ಹೊಂದುವ ಸುಮಾರು 22 ನಿಮಿಷಗಳಲ್ಲಿ ಒಂದೇ ಒಂದು ಸಣ್ಣ ಸಂಗತಿಯನ್ನು ಹೇಳಿ ನಿಲ್ಲಿಸುವ ಸಂಯಮದಲ್ಲಿ. ಸ್ವಾಮಿಯನ್ನು ಅಪ್ಪ ಕಚೇರಿಯ ಕೋಣೆಯಲ್ಲಿ ಒಬ್ಬನೇ ಮಲಗಲು ಹಚ್ಚುವ ಕಂತನ್ನು ನೆನಪಿಸಿಕೊ. ಹೆದರಿದ ಹುಡುಗ ದೆವ್ವವೆಂದು ತಿಳಿದು ಕಳ್ಳನ ಕಾಲನ್ನು ಕಚ್ಚುತ್ತಾನೆ, ಊರೆಲ್ಲ ಅವನನ್ನು ಶೂರನೆಂದು ಕರೆಯುತ್ತದೆ, ಅವನು ಮಾತ್ರ ಮರುರಾತ್ರಿ ಅಜ್ಜಿಯ ಮಗ್ಗುಲಿಗೇ ಹೋಗಿ ಮಲಗುತ್ತಾನೆ. ಗಿರೀಶ ಕಾರ್ನಾಡರು ನಟಿಸಿದ ಅಪ್ಪ ಅಲ್ಲಿ ದುಷ್ಟನಲ್ಲ, ಆದರ್ಶನೂ ಅಲ್ಲ; ಮಗನನ್ನು ಗಂಡಸಾಗಿಸಬೇಕೆಂಬ ಹುರುಪಿನ ಸಾಮಾನ್ಯ ತಂದೆ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್ ಹುಡುಗನಂತೆಯೇ ಸುಳ್ಳು ಹೇಳುತ್ತಾನೆ, ಹುಡುಗನಂತೆಯೇ ಸಿಕ್ಕಿಬೀಳುತ್ತಾನೆ. ಇಂದಿನ ಧಾರಾವಾಹಿಗಳ ಮಕ್ಕಳು ಮುದುಕರ ಮಾತುಗಳನ್ನು ಬಾಯಿಪಾಠ ಒಪ್ಪಿಸುವುದನ್ನು ಕೇಳಿದವರಿಗೆ ಇದರ ಬೆಲೆ ತಿಳಿಯುತ್ತದೆ.

ಅದಕ್ಕಿಂತಲೂ ನನ್ನನ್ನು ಕಾಡಿದ್ದು ಅಂಚೆಯವನ ಕಂತು. ತಾನು ಬಲ್ಲ ಮನೆಯೊಂದರ ಮಗಳ ಮದುವೆ ನಿಂತುಹೋಗಬಾರದೆಂದು, ಹತ್ತಿರದ ಬಂಧುವಿನ ಸಾವಿನ ಸುದ್ದಿಯನ್ನು ಅಂಚೆಯ ತಾನಪ್ಪ ತನ್ನ ಬಳಿಯೇ ಮುಚ್ಚಿಟ್ಟುಕೊಂಡು, ಮದುವೆ ಮುಗಿದ ಮೇಲೆ ತಂದು ಕೊಡುತ್ತಾನೆ. ಹುಡುಗಿಯ ತಂದೆ ದೂರು ಕೊಡುವುದಿಲ್ಲ, ಕ್ಷಮಿಸಿದೆನೆಂದು ಅಪ್ಪಿಕೊಳ್ಳುವುದೂ ಇಲ್ಲ. ಸಾವಿನ ಸೂತಕ, ಮುಹೂರ್ತ, ವರನ ರಜೆ, ಸರಕಾರಿ ನೌಕರಿಯ ನಿಯಮ, ಇವೆಲ್ಲ ಒಂದು ಜೋಳಿಗೆಯೊಳಗಿನ ಕಾಗದದಲ್ಲಿ ಗಂಟುಬಿದ್ದಿರುವುದನ್ನು ಯಾರೂ ಭಾಷಣ ಮಾಡದೆ ತೋರಿಸಿದ್ದಾರೆ.

ಹಾಗೆಂದು ಮಾಲ್ಗುಡಿಯೆಲ್ಲವೂ ಸಮನಾಗಿಲ್ಲ. ಮಿಠಾಯಿ ಅಂಗಡಿಯ ಜಗನ್ನನ ಕಥೆಯನ್ನು ಹಲವು ಕಂತುಗಳಿಗೆ ಎಳೆದದ್ದು ಅದಕ್ಕೆ ಒಳ್ಳೆಯದಾಗಲಿಲ್ಲ. ಜಗನ್ನನಾದ ಅನಂತ್ ನಾಗ್ ಎಂಥ ನಟರೆಂಬುದನ್ನು ನಿನಗೆ ಹೇಳಬೇಕಿಲ್ಲ, ಆದರೂ ಬಿಳಿಗೂದಲಿನ ಕೆಳಗಿನ ಯೌವನ ಇಣುಕುತ್ತಲೇ ಇರುತ್ತದೆ, ಮತ್ತು ಅಮೆರಿಕೆಯಿಂದ ಮರಳಿದ ಮಗನ ಪಾತ್ರ ವ್ಯಂಗ್ಯಚಿತ್ರದಾಚೆಗೆ ಬೆಳೆಯುವುದೇ ಇಲ್ಲ. ಇನ್ನು ಆಗುಂಬೆಯ ಅಂಗಳದಲ್ಲಿ ಸೀರೆಯುಟ್ಟ ಅಜ್ಜಿ ಹಿಂದಿಯಲ್ಲಿ ಕಥೆ ಹೇಳುವುದು. ದಖನಿ ಕೇಳಿ ಬೆಳೆದ ನಮಗೆ ಅದು ಅರ್ಥವಾಯಿತು, ಹೀಗಾಗಿ ಆ ಕೊರತೆ ಆಗ ಹೊಳೆಯಲೂ ಇಲ್ಲ. ಈಗ ನೋಡುವಾಗ ಮುಖಗಳೂ ಮಾತೂ ಒಂದಕ್ಕೊಂದು ಸ್ವಲ್ಪ ದೂರ ನಿಂತಿರುವುದು ಕಾಣಿಸುತ್ತದೆ.

ಇಲ್ಲಿ ಒಂದು ಹಳೆಯ ಲೆಕ್ಕವನ್ನು ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ದೂರದರ್ಶನ ಆರಂಭವಾದದ್ದು 1981ರಲ್ಲಿ. ಅದಕ್ಕೂ ಮೊದಲೇ, 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ಉಪಗ್ರಹ ಶಿಕ್ಷಣ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ಬಂದಿತು. ಕರ್ನಾಟಕದಿಂದ ಆರಿಸಿದ್ದು ಆಗಿನ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳನ್ನು. ಬಾಗಲಕೋಟೆ ಆಗ ನಮ್ಮ ಜಿಲ್ಲೆಯೊಳಗೇ ಇತ್ತು. ತಂತಿಜಾಲರಿಯ ದೊಡ್ಡ ಆಂಟೆನಾ, ಊರಿಗೊಂದು ಪೆಟ್ಟಿಗೆ, ಅದರ ಮುಂದೆ ಊರಿಗೆ ಊರೇ. ತೋರಿಸಿದ್ದು ಬೇಸಾಯ, ಆರೋಗ್ಯ, ಮಕ್ಕಳ ಪಾಠ. ನಮ್ಮನ್ನು ರೈತರೆಂದು, ರೋಗಿಗಳೆಂದು, ವಿದ್ಯಾರ್ಥಿಗಳೆಂದು ಮೊದಲು ಗುರುತಿಸಿದ ಟಿವಿ, ಕಥೆ ಹೇಳುವ ಕಾಲ ಬಂದಾಗ ಮಾತ್ರ ಡೆಲ್ಲಿಗೂ ಮುಂಬಯಿಗೂ ಹೋಯಿತು, ಕನ್ನಡದಲ್ಲಿ ಕಥೆ ಹೇಳತೊಡಗಿದಾಗ ಬೆಂಗಳೂರಿನಲ್ಲಿ ಕುಳಿತುಕೊಂಡಿತು. ಸಿನಿಮಾದಲ್ಲಿಯೂ ನಮ್ಮ ಕಡೆಯ ಮಾತು ಬಂದದ್ದು ಬಹುಪಾಲು ಹಾಸ್ಯನಟನ ಬಾಯಲ್ಲಿ; ಧೋತರ ಉಟ್ಟವನು ಬಂದು ಎರಡು ಮಾತನಾಡಿದರೆ ಥಿಯೇಟರಿನಲ್ಲಿ ನಗು ಏಳಬೇಕೆಂಬುದು ಒಂದು ಕಟ್ಟಳೆಯೇ ಆಗಿತ್ತು.

ಅದಕ್ಕಾಗಿಯೇ ಟಿ.ಎಸ್. ನಾಗಾಭರಣರ ನಾಗಮಂಡಲವನ್ನು ನಾನು ನಿನಗಿಂತ ಹೆಚ್ಚು ಮೆಚ್ಚುತ್ತೇನೆ. 1997ರ ಆ ಚಿತ್ರದಲ್ಲಿ ಗಂಡ, ಹೆಂಡತಿ, ಗಂಡನ ರೂಪದಲ್ಲಿ ಬರುವ ಹಾವು, ಮೂವರೂ ನಮ್ಮ ಸೀಮೆಯ ಮಾತನ್ನೇ ಆಡುತ್ತಾರೆ. ಬಯ್ಯುವುದಕ್ಕೂ ಪ್ರೀತಿಸುವುದಕ್ಕೂ ಅದೇ ಮಾತು. ಪ್ರಕಾಶ್ ರೈ ಹಗಲಿನ ಗಂಡನನ್ನೂ ರಾತ್ರಿಯ ನಾಗನನ್ನೂ ವೇಷದಿಂದಲ್ಲ, ಮಾತಿನ ಕಾವಿನಿಂದ ಬೇರೆ ಮಾಡುತ್ತಾರೆ. ಹಾಡುಗಳು ಒಂದೆರಡು ಹೆಚ್ಚಾದವೆಂಬ ನಿನ್ನ ಮಾತನ್ನು ಒಪ್ಪಿದೆ.

ನಾಗಾಭರಣರದೇ ಸಂತ ಶಿಶುನಾಳ ಶರೀಫ ಚಿತ್ರದ ಕುರಿತು ನನಗೆ ಅರ್ಧ ಮನಸ್ಸು. ಶರೀಫರ ಗುರು ಗೋವಿಂದಭಟ್ಟರಾಗಿ ಕಾರ್ನಾಡರು ಬಂದಾಗಲೆಲ್ಲ ಚಿತ್ರಕ್ಕೆ ತೂಕ ಬರುತ್ತದೆ. ಶ್ರೀಧರ್ ಅವರ ಶರೀಫ ಮಾತ್ರ ನನ್ನ ಕಣ್ಣಿಗೆ ಮಣ್ಣು ಮುಟ್ಟಿದವನಲ್ಲ. ಸಿ. ಅಶ್ವತ್ಥರ ಸಂಗೀತದಿಂದ ತತ್ವಪದಗಳು ನಾಡಿನ ತುಂಬ ಹೋದದ್ದು ದೊಡ್ಡ ಕೆಲಸವೇ ಸರಿ. ಆದರೂ ಮಠದ ಕಟ್ಟೆಯ ಮೇಲೆ ಏಕತಾರಿ, ತಾಳ ಹಿಡಿದು ಭಜನೆಯವರು ಅದೇ ಪದವನ್ನು ಹಾಡುವಾಗ ಇರುವ ಒರಟುತನ, ಮಧ್ಯೆ ನಿಲ್ಲಿಸಿ ಅರ್ಥ ಕೇಳಿ ಜಗಳವಾಡುವ ಸಲುಗೆ, ಚಿತ್ರದೊಳಗೆ ಬರಲಿಲ್ಲ.

1961ರ ಕಿತ್ತೂರು ಚೆನ್ನಮ್ಮ ಚಿತ್ರದಲ್ಲಿ ನಮ್ಮ ಮಾತು ಇಲ್ಲವೆಂದು ನೀನು ದೂರಿದ್ದೀಯ. ಅಲ್ಲಿ ನಾನು ನಿರ್ದೇಶಕ ಬಿ.ಆರ್. ಪಂತುಲು ಅವರ ಪಕ್ಷ. ಬಿ. ಸರೋಜಾದೇವಿಯವರು ಕಪ್ಪ ಕೊಡಲಾರೆನೆಂದು ಗುಡುಗುವುದು ಕಂಪನಿ ನಾಟಕದ ಭಾಷೆಯಲ್ಲಿ. ಏಣಗಿ ಬಾಳಪ್ಪನವರಂಥವರ ನಾಟಕಗಳನ್ನು ಬೆಳಗಾವಿ ಸೀಮೆಯ ಜನರು ಕಣ್ತುಂಬ ನೋಡಿದ್ದೂ ಅಂಥದೇ ಎತ್ತರದ ಮಾತಿನಲ್ಲಿ. ರಾಣಿಗೆ ಆ ಮಾತು ಒಪ್ಪುತ್ತದೆ.

ನಾನು ನಮ್ಮ ಸೀಮೆಯ ಹಟಕ್ಕೆ ಬಿದ್ದು ಮಾತನಾಡುತ್ತಿದ್ದೇನೆಂದು ತಿಳಿಯಬೇಡ. ಗಿರೀಶ ಕಾಸರವಳ್ಳಿಯವರು ಭೈರಪ್ಪನವರ ಕಾದಂಬರಿಯಿಂದ ಮಾಡಿದ ಗೃಹಭಂಗ ಧಾರಾವಾಹಿಯಲ್ಲಿ ಹಳೇ ಮೈಸೂರಿನ ಹಳ್ಳಿಯ ಮಾತು ಇದೆ; ಮೊದಮೊದಲು ಕಿವಿಗೊಟ್ಟು ಕೇಳಬೇಕಾಯಿತು, ಅದೇ ಅದರ ಹಿರಿಮೆ. ಪ್ಲೇಗು, ಶಾನುಭೋಗಿಕೆಯ ಲೆಕ್ಕದ ಪುಸ್ತಕ, ಬಾಯಿ ಹರಕು ಅತ್ತೆ, ಯಾವುದನ್ನೂ ನಯಗೊಳಿಸಿಲ್ಲ. ಸದಾನಂದ ಸುವರ್ಣರ ಗುಡ್ಡದ ಭೂತ ಕೂಡ ಹಾಗೆಯೇ. ಬಯಲುಸೀಮೆಯವರಾದ ನಮಗೆ ಗೊತ್ತೇ ಇಲ್ಲದ ಕರಾವಳಿಯ ಕತ್ತಲೆಯನ್ನು ಅದು ನಂಬಿಸಿತು. 1998ರಲ್ಲಿ ಚಂದನದಲ್ಲಿ ಬಂದ ಮಾಯಾಮೃಗ ನಿನಗೆ ಬಹಳ ಪ್ರಿಯ. ಟಿ.ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಸೇರಿ ಮಾಡಿದ ಆ ಕೆಲಸದಲ್ಲಿ ಬುದ್ಧಿಯಿದೆ, ಸಭ್ಯತೆಯಿದೆ. ಆದರೆ ಅದರ ಪಾತ್ರಗಳೆಲ್ಲ ಬೆಳಿಗ್ಗೆ ಒಂದೇ ಪತ್ರಿಕೆ ಓದಿ ಹೊರಬಂದವರಂತೆ ಮಾತನಾಡುತ್ತಾರೆ. ಇದಕ್ಕೆ ನೀನು ಉದ್ದನೆಯ ಉತ್ತರ ಬರೆಯುತ್ತೀಯೆಂದು ಬಲ್ಲೆ.

ಬರೆಯುವ ಮೊದಲು ಒಂದು ಕೆಲಸ ಮಾಡು. ಅಂಚೆಯವನ ಕಂತನ್ನು ವೈನಿಯವರ ಜೊತೆಗೆ ಕುಳಿತು ಇನ್ನೊಮ್ಮೆ ನೋಡು. ತಾನಪ್ಪ ಆ ಕಾಗದವನ್ನು ಮುಚ್ಚಿಟ್ಟದ್ದು ತಪ್ಪೆಂದು ನಮ್ಮ ಮನೆಯಲ್ಲಿ ನನ್ನ ತೀರ್ಮಾನ, ಅವನು ಮಾಡಿದ್ದೇ ಸರಿಯೆಂದು ನನ್ನವಳ ವಾದ. ನಿಮ್ಮ ಮನೆಯಲ್ಲಿ ಯಾರು ಯಾವ ಕಡೆ ನಿಂತರೆಂದು ಮೊದಲು ಅದನ್ನು ತಿಳಿಸು, ಮಾಯಾಮೃಗದ ಜಗಳ ಆಮೇಲೆ.

ಇತಿ ನಿನ್ನ,
ವಿಜಯಪುರದ ಗೆಳೆಯ